ಮೂಗು ಸರಿಯಿದೆ, ಆದರೂ ತಮ್ಮ ಕನ್ನಡಿ ಬಿಡುತ್ತಿಲ್ಲ

ಪ್ರಶ್ನೆ: ನಾವು ಜಮಖಂಡಿ ತಾಲೂಕಿನ ಒಂದು ಹಳ್ಳಿಯವರು. ನನ್ನ ತಮ್ಮನಿಗೆ 20 ವರ್ಷ. ಬೆಳಗಾವಿಯಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದ. ಒಂದು ವರ್ಷದಿಂದ ತನ್ನ ಮೂಗು ಎಡಕ್ಕೆ ಸೊಟ್ಟಗಿದೆ ಎಂದು ಹೇಳುತ್ತಿದ್ದಾನೆ. ನಮಗೆ ಯಾರಿಗೂ ಹಾಗೆ ಕಾಣುವುದಿಲ್ಲ. ದಿನವೆಲ್ಲ ಕನ್ನಡಿ ಮುಂದೆ ನಿಲ್ಲುತ್ತಾನೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತಾನೆ. ‘ಅಕ್ಕಾ, ಖರೇ ಹೇಳು, ಸೊಟ್ಟ ಐತಿಲ್ಲೋ?’ ಎಂದು ಕೇಳುತ್ತಲೇ ಇರುತ್ತಾನೆ. ಮಾಸ್ಕ್ ಇಲ್ಲದೆ ಹೊರಗೆ ಹೋಗುವುದಿಲ್ಲ. ಈಗ ಕಾಲೇಜು ಬಿಟ್ಟು ಊರಿಗೆ ಬಂದು ಕೂತಿದ್ದಾನೆ. ಕಿವಿ-ಮೂಗು-ಗಂಟಲು ಡಾಕ್ಟರ್ ನೋಡಿ ಏನೂ ತೊಂದರೆ ಇಲ್ಲ ಎಂದರು. ಆದರೆ ಒಂದು ಕಾಸ್ಮೆಟಿಕ್ ಕ್ಲಿನಿಕ್‌ನವರು ಆಪರೇಷನ್ ಮಾಡಿ ನೇರ ಮಾಡಬಹುದು ಎಂದಿದ್ದಾರೆ. ಅವ್ವ ಬಂಗಾರ ಒತ್ತೆ ಇಡಲು ತಯಾರಾಗಿದ್ದಾಳೆ. ಅಪ್ಪ ‘ಇದೆಲ್ಲ ಸೊಕ್ಕು, ಹೊಲಕ್ಕೆ ಹಚ್ಚಿದರೆ ಸರಿಹೋಗುತ್ತಾನೆ’ ಎನ್ನುತ್ತಾರೆ. ಇದು ಕಾಯಿಲೆಯೇ? ಆಪರೇಷನ್ ಮಾಡಿಸಬೇಕೇ? ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ? ಎಲ್ಲಿ ತೋರಿಸುವುದು?

ಉತ್ತರ: ಮೊದಲು ಬಂಗಾರದ ವಿಷಯ ಮುಗಿಸೋಣ. ಸದ್ಯಕ್ಕೆ ಒತ್ತೆ ಇಡುವುದು ಬೇಡ ಎಂದು ಅವ್ವನಿಗೆ ಹೇಳಿ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ನೀವು ಬರೆದದ್ದನ್ನು ಓದಿದರೆ, ನಿಮ್ಮ ತಮ್ಮನಿಗೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಕಾಯಿಲೆ ಇರಬಹುದು ಅನ್ನಿಸುತ್ತದೆ. ಚಿಕ್ಕದಾಗಿ ಬಿಡಿಡಿ ಎನ್ನುತ್ತೇವೆ. ಪತ್ರ ಓದಿ ಯಾರಿಗೂ ಕಾಯಿಲೆಯ ಹೆಸರು ಹಚ್ಚಬಾರದು. ಎದುರು ಕೂತು ಮಾತಾಡಿಸಿದ ಮನೋವೈದ್ಯರೇ ಅದನ್ನು ಖಾತ್ರಿ ಮಾಡಬೇಕು. ಆದರೆ ನೀವು ಕೊಟ್ಟ ವಿವರ ಓದಿದ ಮೇಲೆ ‘ನೋಡೋಣ, ತಾನೇ ಹೋದೀತು’ ಎಂದು ಹೇಳಲು ನನಗೆ ಮನಸ್ಸಿಲ್ಲ. ಈ ವಾರವೇ ತೋರಿಸಿ.

ಅಪ್ಪನ ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಸೊಕ್ಕಿನವನು ಕನ್ನಡಿ ನೋಡಿ ಖುಷಿಪಡುತ್ತಾನೆ. ನಿಮ್ಮ ತಮ್ಮ ಕನ್ನಡಿ ನೋಡಿ ಸಂಕಟಪಡುತ್ತಿದ್ದಾನೆ, ಆದರೂ ಬಿಟ್ಟು ಬರಲು ಆಗುತ್ತಿಲ್ಲ. ಹೊಲದ ಕೆಲಸ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಅದು ಇದಕ್ಕೆ ಔಷಧಿ ಅಲ್ಲ. ‘ಸೊಕ್ಕು’ ಎಂದಾಗಲೆಲ್ಲ ಆ ಹುಡುಗ ಇನ್ನಷ್ಟು ಮುಚ್ಚಿಕೊಳ್ಳುತ್ತಾನೆ. ಈ ಕಾಯಿಲೆ ಇರುವವರು ವರ್ಷಗಟ್ಟಲೆ ಯಾರಿಗೂ ಹೇಳದೆ ಇರುವುದಕ್ಕೆ ದೊಡ್ಡ ಕಾರಣವೇ ಇದು. ಹೇಳಿದರೆ ಜನ ನಗುತ್ತಾರೆ, ಅಂದದ ಹುಚ್ಚು ಅನ್ನುತ್ತಾರೆ ಎಂಬ ನಾಚಿಕೆ. ನಿಮ್ಮ ತಮ್ಮ ನಿಮ್ಮ ಹತ್ತಿರ ಬಾಯಿಬಿಟ್ಟಿದ್ದಾನಲ್ಲ, ಅದೇ ದೊಡ್ಡದು.

ಹಾಗಾದರೆ ಅಂದಚೆಂದದ ಚಿಂತೆ ಯಾವಾಗ ಕಾಯಿಲೆಯಾಗುತ್ತದೆ? ಹರೆಯದಲ್ಲಿ ಮೊಡವೆ ಎದ್ದರೆ ಎಲ್ಲರೂ ಕನ್ನಡಿ ನೋಡುತ್ತಾರೆ. ಮದುವೆಗೆ ಹೋಗುವಾಗ ಕೂದಲು ಎರಡು ಸಲ ಬಾಚಿಕೊಳ್ಳುತ್ತಾರೆ. ಅದು ಬದುಕು. ಬಿಡಿಡಿಯಲ್ಲಿ ಬೇರೆಯವರಿಗೆ ಕಾಣದ, ಕಂಡರೂ ಗಮನಕ್ಕೆ ಬಾರದಷ್ಟು ಸಣ್ಣ ಕೊರತೆಯೊಂದು ತಲೆಯ ತುಂಬ ಕೂತಿರುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಅದೇ ಯೋಚನೆ ಎಂದರೆ ನಾವು ಎಚ್ಚರಗೊಳ್ಳುತ್ತೇವೆ. ಅನೇಕರಲ್ಲಿ ಅದು 3ರಿಂದ 8 ಗಂಟೆಯವರೆಗೂ ಹೋಗುತ್ತದೆ. ಜೊತೆಗೆ ಮಾಡಿದ್ದನ್ನೇ ಮಾಡುವ ಚಾಳಿ ಇರುತ್ತದೆ: ಕನ್ನಡಿ, ಫೋಟೋ, ಬೆರಳಿನಿಂದ ಮುಟ್ಟಿ ಅಳೆಯುವುದು, ಬಸ್ಸಿನಲ್ಲಿ ಎದುರು ಕೂತವರ ಮೂಗಿನ ಜೊತೆ ಹೋಲಿಸುವುದು, ಮನೆಯವರನ್ನು ಕೇಳುವುದು, ಮುಚ್ಚಿಕೊಳ್ಳುವುದು. ಕೊನೆಗೆ ಓದು, ಕೆಲಸ, ಗೆಳೆಯರು, ನಿದ್ದೆ ಇವೆಲ್ಲದಕ್ಕೂ ಹೊಡೆತ ಬೀಳುತ್ತದೆ. ನಿಮ್ಮ ಪತ್ರದಲ್ಲಿ ಇದರಲ್ಲಿ ಹೆಚ್ಚಿನದು ಇದೆ. ಮಾಸ್ಕ್ ಬಗ್ಗೆ ಒಂದು ಮಾತು. ಕೊರೊನಾ ಬಂದು ಹೋದ ಮೇಲೆ ಮಾಸ್ಕ್ ಹಾಕಿದವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಇಂಥ ಹುಡುಗರಿಗೆ ಅದು ಬಹಳ ಸಲೀಸಾದ ಅಡಗುತಾಣವಾಗಿದೆ.

ಇದು ಅಪರೂಪದ ಕಾಯಿಲೆ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ನಡೆದ ಸಮೀಕ್ಷೆಗಳು 100 ಜನರಲ್ಲಿ ಸುಮಾರು 2 ಜನರಿಗೆ ಇರುತ್ತದೆ ಎನ್ನುತ್ತವೆ. ಸಾವಿರ ಹುಡುಗರು ಓದುವ ಕಾಲೇಜು ಅಂದರೆ ಸುಮಾರು 20 ಮಂದಿ. ಇದು ಹುಡುಗಿಯರ ಕಾಯಿಲೆ ಎಂಬುದು ತಪ್ಪು. ಗಂಡು ಹೆಣ್ಣು ಇಬ್ಬರಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಮೂರರಲ್ಲಿ ಎರಡು ಪಾಲು ಜನರಿಗೆ 18 ತುಂಬುವ ಮೊದಲೇ ಶುರುವಾಗಿರುತ್ತದೆ. ಹೈಸ್ಕೂಲು ವಯಸ್ಸಿನಲ್ಲಿ, 12-13ಕ್ಕೇ ಶುರುವಾಗುವುದು ಬಹಳ. ನಿಮಗೆ ಒಂದು ವರ್ಷದಿಂದ ಕಂಡಿರಬಹುದು, ಅವನೊಳಗೆ ಅದಕ್ಕೂ ಮುಂಚೆಯೇ ಇದ್ದಿರಬಹುದು. ಚರ್ಮ, ಕೂದಲು, ಮೂಗು ಇವು ಮೂರರ ಮೇಲೇ ಜನರ ಕಣ್ಣು ಜಾಸ್ತಿ ನೆಡುತ್ತದೆ. ಹಾಗಾಗಿ ಇವರು ಮೊದಲು ಹೋಗುವುದು ಚರ್ಮದ ಡಾಕ್ಟರ್, ಇಲ್ಲವೇ ಕಾಸ್ಮೆಟಿಕ್ ಸರ್ಜನ್ ಹತ್ತಿರ. ಮನೋವೈದ್ಯರ ಬಾಗಿಲಿಗೆ ಬರುವಷ್ಟರಲ್ಲಿ ಕೈಯಲ್ಲಿ ಒಂದು ದಪ್ಪ ಫೈಲು ಇರುತ್ತದೆ.

ಈ ಕಾಯಿಲೆ ಮೊಬೈಲು ತಂದದ್ದು ಎಂದು ಹಿರಿಯರು ಬೈಯುತ್ತಾರೆ. ಪೂರ್ತಿ ನಿಜ ಅಲ್ಲ. ಇಟಲಿಯ ಎನ್ರಿಕೊ ಮೋರ್ಸೆಲ್ಲಿ ಎಂಬ ವೈದ್ಯರು 1891ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಆಗ ಸೆಲ್ಫಿ ಎಲ್ಲಿತ್ತು? ಆದರೆ ವೈದ್ಯರ ಪುಸ್ತಕಗಳಲ್ಲಿ ಇದಕ್ಕೆ ಸರಿಯಾದ ಜಾಗ ಸಿಕ್ಕಿದ್ದು ತಡವಾಗಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಒಸಿಡಿಯ, ಅಂದರೆ ಗೀಳು ಕಾಯಿಲೆಯ, ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿಯಲ್ಲೂ ಅದು ಅಲ್ಲೇ ಇದೆ. ಇದು ಬರೀ ಪುಸ್ತಕದ ಮಾತಲ್ಲ, ಚಿಕಿತ್ಸೆ ಇದರ ಮೇಲೆಯೇ ನಿಂತಿದೆ. ಕೈ ತೊಳೆದಿದ್ದೇ ತೊಳೆಯುವ ಒಸಿಡಿ ರೋಗಿಗೆ ‘ನಿನ್ನ ಕೈ ಸ್ವಚ್ಛ ಇದೆ’ ಎಂದು ನೂರು ಸಲ ಹೇಳಿದರೂ ಗುಣವಾಗುವುದಿಲ್ಲ. ಅವರು ತೊಳೆಯುವುದನ್ನು ನಿಲ್ಲಿಸಬೇಕು, ನಿಲ್ಲಿಸಿದಾಗ ಬರುವ ಕಳವಳವನ್ನು ತಾಳಿಕೊಳ್ಳಲು ಕಲಿಯಬೇಕು. ಇಲ್ಲೂ ಅಷ್ಟೇ.

ಹಾಗಾಗಿ ಕಾಯಿಲೆ ಇರುವುದು ಮೂಗಿನಲ್ಲಲ್ಲ. ಪದೇ ಪದೇ ನೋಡುವ ಚಾಳಿಯಲ್ಲಿದೆ. ತುರಿಕೆ ಇದ್ದ ಕಡೆ ಕೆರೆದರೆ ಒಂದು ಗಳಿಗೆ ಹಾಯೆನಿಸುತ್ತದೆ, ಆಮೇಲೆ ಉರಿ ಜಾಸ್ತಿಯಾಗುತ್ತದೆ ಅಲ್ವಾ? ಕನ್ನಡಿ ನೋಡುವುದೂ ಹಾಗೇ. ‘ಸೊಟ್ಟ ಇಲ್ಲ ತಮ್ಮಾ, ನೆಟ್ಟಗೇ ಐತಿ’ ಎಂಬ ನಿಮ್ಮ ಉತ್ತರವೂ ಹಾಗೇ. ಐದು ನಿಮಿಷ ಸಮಾಧಾನ. ಆಮೇಲೆ ‘ಅಕ್ಕ ನನ್ನ ಮೇಲಿನ ಪ್ರೀತಿಗೆ ಹಾಗೆ ಹೇಳಿದಳು’ ಎಂಬ ಅನುಮಾನ. ಮತ್ತೆ ಪ್ರಶ್ನೆ. ಇದನ್ನು ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ, ಎಲ್ಲ ಮನೆಯಲ್ಲೂ ಹೀಗೇ ಮಾಡುತ್ತಾರೆ. ಆದರೆ ನಿಲ್ಲಿಸಬೇಕಾದದ್ದು ಇದನ್ನೇ. ಹೇಗೆ ಎಂದು ಮುಂದೆ ಬರೆಯುತ್ತೇನೆ.

ಅವನು ಸುಳ್ಳು ಹೇಳುತ್ತಿಲ್ಲ ಎಂಬುದನ್ನೂ ನಂಬಿ. ಅವನಿಗೆ ಮೂಗು ನಿಜಕ್ಕೂ ಸೊಟ್ಟಗೇ ಕಾಣುತ್ತದೆ. 2007ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಬಿಡಿಡಿ ಇರುವವರ ಮೆದುಳಿನ ಸ್ಕ್ಯಾನ್ ಮಾಡುತ್ತಾ ಅವರಿಗೆ ಮುಖಗಳ ಚಿತ್ರ ತೋರಿಸಿದರು. ಇಡೀ ಮುಖವನ್ನು ಒಟ್ಟಾಗಿ ನೋಡುವ ಬದಲು, ಬಿಡಿ ಬಿಡಿ ವಿವರಗಳನ್ನು ಹೆಕ್ಕುವ ಕಡೆಗೆ ಅವರ ಮೆದುಳು ವಾಲುವುದು ಕಂಡಿತು. ನಾವು ಒಬ್ಬರನ್ನು ನೋಡಿದಾಗ ಮುಖ ಕಾಣುತ್ತದೆ. ಅವರಿಗೆ ಮೂಗಿನ ಎಡಬದಿಯ ಗೆರೆ ಕಾಣುತ್ತದೆ. ಅದರ ಜೊತೆಗೆ ಮೊಬೈಲಿನ ಮೋಸ ಬೇರೆ. 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಸುಮಾರು 30% ಅಗಲ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಕನ್ನಡಿಯಲ್ಲಿ ಎಡ ಬಲ ಅದಲುಬದಲು, ಫೋಟೋದಲ್ಲಿ ಮತ್ತೆ ನೇರ. ಯಾರ ಮುಖವೂ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ದಿನಾ ಕನ್ನಡಿ ನೋಡಿದವನಿಗೆ ಫೋಟೋದಲ್ಲಿ ತನ್ನ ಮುಖವೇ ವಾರೆಯಾಗಿ ಕಾಣುತ್ತದೆ.

ಆದರೆ ಈ ಲೆಕ್ಕವನ್ನು ಹೋಗಿ ತಮ್ಮನಿಗೆ ಪಾಠ ಮಾಡಬೇಡಿ. ಮಾಡಿದರೆ ನಾಳೆಯಿಂದ ಅವನು ಟೇಪು ಹಿಡಿದು 5 ಅಡಿ ದೂರದಿಂದ ಫೋಟೋ ತೆಗೆಯಲು ಶುರುಮಾಡುತ್ತಾನೆ. ಮೂಗಿನ ಬಗ್ಗೆ ವಾದ ಮಾಡಿ ಗೆದ್ದವರಿಲ್ಲ.

ಯಾಕೆ ಬರುತ್ತದೆ? ಒಂದೇ ಕಾರಣ ಇಲ್ಲ. ಮನೆತನದಲ್ಲಿ ಬಿಡಿಡಿ ಅಥವಾ ಒಸಿಡಿ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ಸಣ್ಣವರಿದ್ದಾಗ ಗೇಲಿಗೆ, ಕಾಟಕ್ಕೆ ಸಿಕ್ಕವರಲ್ಲಿ ಹೆಚ್ಚು ಕಾಣುತ್ತದೆ. ನಮ್ಮ ಕಡೆಯವರ ನಾಲಿಗೆ ನಿಮಗೆ ಗೊತ್ತೇ ಇದೆ. ಲಗ್ನದ ಮಂಟಪದಲ್ಲಿ ಆರು ತಿಂಗಳ ಮೇಲೆ ಸಿಕ್ಕ ಸೋದರಮಾವ ಮೊದಲು ಕೇಳುವುದೇ ‘ಯಾಕೋ ತಮ್ಮಾ, ಭಾಳ ಕರ್ರಗಾಗಿಯಲ್ಲ’ ಎಂದು. ಕನ್ಯಾ ನೋಡಲು ಬಂದವರು ಹುಡುಗಿ ಎದುರಿಗೇ ಬಣ್ಣ, ಎತ್ತರ, ಹಲ್ಲಿನ ಲೆಕ್ಕ ಹಾಕುತ್ತಾರೆ. ಇದರಿಂದಲೇ ಕಾಯಿಲೆ ಬರುತ್ತದೆ ಎಂದು ಹೇಳಲಾರೆ. ಇಂಥ ಮಾತು ಕೇಳಿಯೂ ಹೆಚ್ಚಿನವರು ಆರಾಮ ಇರುತ್ತಾರೆ. ಆದರೆ ಬರುವ ಒಲವು ಇರುವ ಮಗುವಿಗೆ ಒಂದು ಅಡ್ಡಹೆಸರು ಸಾಕು, ಅದು ಹತ್ತು ವರ್ಷ ತಲೆಯಲ್ಲಿ ಉಳಿಯುತ್ತದೆ. ನನ್ನ ಕೇಳಿದರೆ, ಮೈಬಣ್ಣದ ಬಗ್ಗೆ ಮಾತಾಡುವುದನ್ನು ನಮ್ಮ ಬೀಗರು ನೆಂಟರು ಬಿಟ್ಟರೆ ನನ್ನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಈಗ ಆಪರೇಷನ್. ನಿಮ್ಮ ಪ್ರಶ್ನೆಗಳಲ್ಲಿ ಇದೇ ಮುಖ್ಯ ಎಂದು ನನಗೆ ಗೊತ್ತು. ಬಿಡಿಡಿ ಇರುವವರು ಮೂಗು, ಚರ್ಮ, ಕೂದಲು ಎಂದು ಆಪರೇಷನ್ ಮಾಡಿಸಿಕೊಂಡ ಮೇಲೆ ಏನಾಯಿತು ಎಂದು ಹಲವು ಕಡೆ ನೋಡಿದ್ದಾರೆ. ಬಹುಪಾಲು ಜನರ ಕಾಯಿಲೆ ಹಾಗೇ ಉಳಿದಿದೆ, ಕೆಲವರದು ಜಾಸ್ತಿಯಾಗಿದೆ. ಮೂಗಿನ ಚಿಂತೆ ಹೋದರೆ ಗದ್ದಕ್ಕೆ ಬರುತ್ತದೆ. ಅಥವಾ ‘ಮೊದಲೇ ಚೆನ್ನಾಗಿತ್ತು, ಡಾಕ್ಟರ್ ಕೆಡಿಸಿದರು, ನಾನೇ ಕೆಡಿಸಿಕೊಂಡೆ’ ಎಂಬ ಕೊರಗು ಹಿಡಿಯುತ್ತದೆ. ಆ ಕೊರಗು ಬಹಳ ಕೆಟ್ಟದ್ದು, ಯಾಕೆಂದರೆ ಅದಕ್ಕೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಒಳ್ಳೆಯ ಪ್ಲಾಸ್ಟಿಕ್ ಸರ್ಜನ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಬಂದವರಿಗೆ ಬಿಡಿಡಿ ಇದೆಯಾ ಎಂದು ಮೊದಲು ಕೇಳಿ, ಅನುಮಾನ ಬಂದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಆ ಕ್ಲಿನಿಕ್‌ನವರು ಹಾಗೆ ಕೇಳಲಿಲ್ಲ ಎಂದರೆ ಅಲ್ಲಿಗೆ ಮತ್ತೆ ಹೋಗಬೇಡಿ. ಇನ್ನೊಂದು ಗೊಂದಲ ಬಿಡಿಸುತ್ತೇನೆ. ಮೂಗಿನ ಒಳಗಿನ ನಡುಗೋಡೆ ತುಸು ಬಾಗಿರುವುದು ಬಹಳ ಜನರಲ್ಲಿ ಇರುತ್ತದೆ. ಉಸಿರಾಟಕ್ಕೆ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇರೆ. ನಿಮ್ಮ ತಮ್ಮನನ್ನು ನೋಡಿದ ಡಾಕ್ಟರ್ ಏನೂ ಇಲ್ಲ ಎಂದ ಮೇಲೆ ಆ ಬಾಗಿಲು ಮುಚ್ಚಿ.

ಹಾಗಾದರೆ ಯಾವುದರಿಂದ ಗುಣವಾಗುತ್ತದೆ? ಎರಡು ದಾರಿ ಇವೆ, ಎರಡಕ್ಕೂ ಗಟ್ಟಿ ಆಧಾರ ಇದೆ. ಒಂದು, ಸಿಬಿಟಿ ಎಂಬ ಮಾತಿನ ಚಿಕಿತ್ಸೆ. (ಬೆಳಗಾವಿಯವರಿಗೆ ಸಿಬಿಟಿ ಎಂದರೆ ಬಸ್ ಸ್ಟ್ಯಾಂಡ್ ನೆನಪಾಗುತ್ತದೆ, ಇದು ಅದಲ್ಲ.) ಇನ್ನೊಂದು, ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಖಿನ್ನತೆಗೂ ಗೀಳಿಗೂ ಕೊಡುವಂಥದ್ದು. ಬ್ರಿಟನ್ನಿನ ನೈಸ್ ಸಂಸ್ಥೆ 2005ರಲ್ಲಿ ಒಸಿಡಿ ಮತ್ತು ಬಿಡಿಡಿಗೆ ಸೇರಿಸಿ ಹೊರಡಿಸಿದ ಮಾರ್ಗಸೂಚಿಯೂ ಇವೆರಡನ್ನೇ ಹೇಳುತ್ತದೆ. ಕಾಯಿಲೆ ಸೌಮ್ಯವಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ನಿಮ್ಮ ತಮ್ಮನ ಹಾಗೆ ಕಾಲೇಜು ಬಿಡುವ ಮಟ್ಟಕ್ಕೆ ಹೋಗಿದ್ದರೆ ಎರಡನ್ನೂ ಕೂಡಿಸಿ ಕೊಡುವುದು ನನಗೆ ಸರಿ ಕಾಣುತ್ತದೆ.

ಮಾತಿನ ಚಿಕಿತ್ಸೆ ಎಂದರೆ ಸುಮ್ನೆ ಕೂರಿಸಿ ಧೈರ್ಯ ಹೇಳುವುದಲ್ಲ. ಜನ ಹಾಗೆ ತಿಳಿದು ಎರಡು ಸಲ ಬಂದು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 22 ಸೆಷನ್ ಬೇಕು, ಪ್ರತಿ ವಾರ ಮನೆಗೆಲಸ ಕೊಡುತ್ತಾರೆ. ಮೊದಲ ವಾರಗಳಲ್ಲಿ ಅವನೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ: ಯಾವಾಗ ಕನ್ನಡಿ ನೋಡಿದೆ, ಎಷ್ಟು ಹೊತ್ತು, ನೋಡುವ ಮೊದಲು ಮನಸ್ಸು ಹೇಗಿತ್ತು, ನೋಡಿದ ಮೇಲೆ ಹೇಗಾಯಿತು. ಹೆಚ್ಚಿನವರಿಗೆ ಮೊದಲ ಸಲ ಗೊತ್ತಾಗುವುದೇ ಅಲ್ಲಿ. ನೋಡಿದಾಗ ಹಗುರಾದದ್ದು ಒಂದು ಗಳಿಗೆ ಮಾತ್ರ, ಆಮೇಲೆ ಮೊದಲಿಗಿಂತ ಭಾರವೇ ಆಗಿದೆ ಎಂದು.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಕಾಲಿಡುವುದು. ಉದಾಹರಣೆಗೆ, ಮಾಸ್ಕ್ ಗದ್ದಕ್ಕೆ ಇಳಿಸಿ ಮನೆ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುವುದು. ಅದು ಸಲೀಸಾದ ಮೇಲೆ ಮಾಸ್ಕ್ ಇಲ್ಲದೆ ಕಿರಾಣಿ ಅಂಗಡಿಗೆ ಹೋಗಿ ಬರುವುದು. ಕೊನೆ ಕೊನೆಗೆ ಬೆಳಗಾವಿಯ ಖಡೇಬಜಾರಿನಲ್ಲಿ ಸಂಜೆ ಜನ ತುಂಬಿದಾಗ ಒಂದು ಚಾದಂಗಡಿಯ ಮುಂದೆ ನಿಂತು ಚಹಾ ಕುಡಿಯುವುದು. ಹೋಗುವ ಮೊದಲು ಅವನು ಬರೆದಿಡಬೇಕು: ‘ನನ್ನ ಮುಂದೆ ಹಾದುಹೋಗುವ 20 ಜನರಲ್ಲಿ ಎಷ್ಟು ಜನ ಮೂಗು ದಿಟ್ಟಿಸುತ್ತಾರೆ?’ ಅವನು 15 ಎಂದು ಬರೆದಾನು. ಅಲ್ಲಿ ನಿಂತು ತಲೆ ಎತ್ತಿ ಎಣಿಸಬೇಕು. ಒಬ್ಬ ಮೊಬೈಲು ನೋಡುತ್ತಾ ಹೋಗುತ್ತಾನೆ, ಇನ್ನೊಬ್ಬಳು ಮಗುವಿನ ಕೈ ಎಳೆಯುತ್ತಾ ಹೋಗುತ್ತಾಳೆ, ಮತ್ತೊಬ್ಬ ಗಾಡಿಗೆ ಹಾದಿ ಕೇಳುತ್ತಾನೆ. ಲೆಕ್ಕ ತಾನೇ ಸುಳ್ಳಾಗುತ್ತದೆ. ಈ ಲೆಕ್ಕ ಡಾಕ್ಟರ್ ಬಾಯಿಂದ ಬಂದರೆ ಅವನು ನಂಬುವುದಿಲ್ಲ. ತಾನೇ ಎಣಿಸಿದರೆ ಬೇರೆ. ಮೂಗು ಮುಟ್ಟದೆ, ಅಂಗಡಿ ಗಾಜಿನಲ್ಲಿ ನೋಡಿಕೊಳ್ಳದೆ, ಎದೆ ಡವಗುಟ್ಟುವುದು ತಾನಾಗಿ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು ಎಂಬುದೇ ಇದರ ಜೀವಾಳ.

ಕನ್ನಡಿಯನ್ನು ಮನೆಯಿಂದ ಕಿತ್ತು ಎಸೆಯುವುದು ಚಿಕಿತ್ಸೆ ಅಲ್ಲ. ಕೆಲವು ಮನೆಗಳಲ್ಲಿ ಹಾಗೆ ಮಾಡಿ ಹುಡುಗರು ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡದ್ದುಂಟು. ಕನ್ನಡಿ ನೋಡುವ ರೀತಿಯನ್ನೇ ಮತ್ತೆ ಕಲಿಸುತ್ತೇವೆ. ಕನ್ನಡಿಗೆ ಮೂಗು ತಾಗಿಸಿ ನಿಲ್ಲುವ ಬದಲು ಕೈಯಳತೆಗಿಂತ ದೂರ ನಿಲ್ಲಬೇಕು. ತಲೆಯಿಂದ ಕಾಲಿನವರೆಗೆ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು: ‘ಕೂದಲು ಕಪ್ಪು, ಗುಂಗುರು. ಹಣೆ ಅಗಲ. ಹುಬ್ಬು ದಪ್ಪ. ಮೂಗು ಮುಖದ ನಡುವೆ ಇದೆ. ಬಲ ಕೆನ್ನೆಯ ಮೇಲೆ ಒಂದು ಮಚ್ಚೆ. ಅಂಗಿ ನೀಲಿ.’ ಚೆಂದ, ಅಸಹ್ಯ, ಸೊಟ್ಟ ಎಂಬ ತೀರ್ಪಿನ ಮಾತು ಬಂದರೆ ನಿಲ್ಲಿಸಿ ಮತ್ತೆ ಮೊದಲಿಂದ. ಮೂಗಿನ ಹತ್ತಿರ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಲ್ಲುವಂತಿಲ್ಲ. ಕೇಳಲು ಹುಡುಗಾಟ ಅನ್ನಿಸಬಹುದು. ಮಾಡಿ ನೋಡಿದವರಿಗೆ ಇದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಪ್ರತಿ ವಾರ ಜಮಖಂಡಿಯಿಂದ ಬಸ್ ಹತ್ತಿ ಬರುವುದು ಹೇಗೆ ಎಂದು ನೀವು ಕೇಳಬಹುದು. ಎಲ್ಲ ಸೆಷನ್‌ಗೂ ಬರಬೇಕಿಲ್ಲ. ಸ್ವೀಡನ್ನಿನಲ್ಲಿ ಬಿಡಿಡಿ ರೋಗಿಗಳಿಗೆ 12 ವಾರ ಇಂಟರ್ನೆಟ್ ಮೂಲಕವೇ, ಚಿಕಿತ್ಸಕರ ಸಂದೇಶಗಳ ನೆರವಿನಿಂದ ಸಿಬಿಟಿ ಕೊಟ್ಟು ನೋಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸುಧಾರಿಸಿದ್ದರು. ನಮ್ಮಲ್ಲೂ ಮೊದಲ ಭೇಟಿ ಎದುರಿಗೆ, ಮುಂದಿನವು ವಿಡಿಯೋ ಕಾಲ್‌ನಲ್ಲಿ ಎಂದು ನಡೆಸುವ ಮನಶ್ಶಾಸ್ತ್ರಜ್ಞರು ಇದ್ದಾರೆ. ಆದರೆ ಒಂದು ಎಚ್ಚರ. ‘ಕೌನ್ಸೆಲರ್’ ಎಂದು ಬೋರ್ಡು ಹಾಕಿದವರೆಲ್ಲ ಇದನ್ನು ಕಲಿತಿರುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಬೇಕು. ಒಸಿಡಿಗೆ ಸಿಬಿಟಿ ಮಾಡಿದ ಅನುಭವ ಇದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮಾತ್ರೆಯ ಬಗ್ಗೆ. ಫ್ಲುಒಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್, ಫ್ಲುವೊಕ್ಸಮಿನ್ ಇವು ಎಸ್‌ಎಸ್‌ಆರ್‌ಐ ಗುಂಪಿನವು. ಹಳೆಯದಾದ ಕ್ಲೊಮಿಪ್ರಮಿನ್ ಕೂಡ ಕೆಲಸ ಮಾಡುತ್ತದೆ. 2002ರಲ್ಲಿ ಫ್ಲುಒಕ್ಸೆಟಿನ್ ಮಾತ್ರೆಯನ್ನು ಔಷಧಿಯೇ ಇಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿದಾಗ, ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಮಂದಿಗೆ ಗುಣ ಕಂಡಿತು. ಹುಸಿ ಮಾತ್ರೆಯವರಲ್ಲಿ ಐದರಲ್ಲಿ ಒಬ್ಬರಿಗೂ ಕಾಣಲಿಲ್ಲ. ‘ನನಗೆ ಕಾಯಿಲೆಯೇ ಇಲ್ಲ, ಮೂಗೇ ಸೊಟ್ಟ’ ಎಂದು ನೂರಕ್ಕೆ ನೂರು ನಂಬಿದವರಿಗೂ ಇವೇ ಮಾತ್ರೆ ಕೆಲಸ ಮಾಡುತ್ತವೆ. ಎರಡು ವಿಷಯ ನೆನಪಿಡಿ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಡೋಸ್ ಬೇಕಾಗುತ್ತದೆ, ಡಾಕ್ಟರ್ ನಿಧಾನಕ್ಕೆ ಏರಿಸುತ್ತಾರೆ. ಗುಣ ಕಾಣಲು 12ರಿಂದ 16 ವಾರ ಬೇಕು. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಡಾಕ್ಟರ್ ಬದಲಿಸುವುದು ನಮ್ಮ ಜನರ ದೊಡ್ಡ ಚಟ.

ಜೀವನಪೂರ್ತಿ ನುಂಗಬೇಕಾ ಎಂದು ಕೇಳಿದ್ದೀರಿ. ಗುಣವಾದ ಮೇಲೆ ಕನಿಷ್ಠ ಒಂದು ವರ್ಷ ಮುಂದುವರಿಸಲು ಹೇಳುತ್ತೇವೆ. ಬೇಗ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಆಮೇಲೆ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬಹುದು. ಕೆಲವರಿಗೆ ಹಲವು ವರ್ಷ ಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಿಬಿಟಿ ಚೆನ್ನಾಗಿ ಕಲಿತವರಿಗೆ ಬಿಡುವುದು ಸುಲಭ. ಇವು ಚಟ ಹಿಡಿಸುವ ಮಾತ್ರೆ ಅಲ್ಲ. ನಿದ್ದೆ ಮಾತ್ರೆ ಬೇರೆ, ಇವು ಬೇರೆ. ಆದರೆ ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುತ್ತದೆ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. ಲೈಂಗಿಕ ಆಸಕ್ತಿ ತಗ್ಗಬಹುದು. ಹುಡುಗರು ಅದನ್ನು ನಾಚಿಕೆಯಿಂದ ಹೇಳದೆ ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ಡಾಕ್ಟರ್ ಹತ್ತಿರ ಒಬ್ಬನೇ ಮಾತಾಡಲು ಅವನಿಗೆ ಅವಕಾಶ ಕೊಡಿ. 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮಾತ್ರೆ ಶುರುವಾದ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಯೋಚನೆ ಹೆಚ್ಚುತ್ತಿದೆಯಾ ಎಂದು ಕಣ್ಣಿಡಬೇಕು. ಹೆಚ್ಚಿದರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಅಪಾಯದ ಮಾತು ಬಂದಿತು, ಅದನ್ನು ಮರೆಮಾಚದೆ ಹೇಳುತ್ತೇನೆ. ಬಿಡಿಡಿಯಲ್ಲಿ ಆತ್ಮಹತ್ಯೆಯ ಯೋಚನೆ ಬಹಳ ಸಾಮಾನ್ಯ. ಚಿಕಿತ್ಸೆಗೆ ಬಂದವರನ್ನು ಅಧ್ಯಯನ ಮಾಡಿದ ಕಡೆ ಸುಮಾರು ನಾಲ್ವರಲ್ಲಿ ಒಬ್ಬರು ಒಮ್ಮೆಯಾದರೂ ಪ್ರಯತ್ನ ಮಾಡಿದ್ದು ಕಂಡಿದೆ. ಹಾಗಾಗಿ ತಮ್ಮನನ್ನು ನೀವೇ ಕೇಳಿ: ‘ಸಾಯಬೇಕು ಅನ್ನೋ ವಿಚಾರ ಬರ್ತೈತೇನು?’ ಕೇಳಿದರೆ ಅಂಥ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬ ಭಯ ಬೇಡ. ಕೇಳಿದವರ ಹತ್ತಿರ ಹೇಳಿಕೊಂಡು ಹಗುರಾಗುತ್ತಾರೆ. ‘ಹೌದು’ ಎಂದರೆ ಒಬ್ಬನನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿಗಳು ಮನೆಯಲ್ಲಿದ್ದರೆ ಕೀಲಿ ಹಾಕಿ, ಕೀಲಿಕೈ ಬೇರೆ ಮನೆಯಲ್ಲಿಡಿ. ಹಳ್ಳಿಗಳಲ್ಲಿ ಅವು ಕೈಗೆ ಸಿಗುವ ಹಾಗೆ ಅಟ್ಟದ ಕೆಳಗೇ ಇರುತ್ತವೆ. ಅದೇ ದಿನ ಆಸ್ಪತ್ರೆಗೆ ಹೋಗಿ. ರಾತ್ರಿ ಆಗಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿ ತೋರಿಸುವುದು? ಹತ್ತಿರದಿಂದ ಶುರು ಮಾಡಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಜಮಖಂಡಿಯಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಬಾಗಲಕೋಟೆ, ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಸಿಗುತ್ತಾರೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ಕಾಯಿಲೆ ಜೋರಾಗಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅಲ್ಲಿ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಒಂದೇ ಕಡೆ ಸಿಗುತ್ತಾರೆ. ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರಬೇಕು ಎಂದು ಅವ್ವ ಹಟ ಹಿಡಿದರೆ ಹೋಗಿ ಬರಲಿ, ನಾನು ತಡೆಯುವುದಿಲ್ಲ. ಆಸ್ಪತ್ರೆಯ ತಾರೀಖು ಮಾತ್ರ ತಪ್ಪಿಸಬೇಡಿ.

ಅವನು ಬರಲು ಒಪ್ಪಬೇಕಲ್ಲ, ಅದೇ ದೊಡ್ಡ ತಲೆನೋವು. ‘ನಿನ್ನ ಮೂಗು ಸರಿ ಐತಿ, ತಲಿ ಸರಿ ಇಲ್ಲ, ಬಾ’ ಎಂದರೆ ಯಾರು ಬರುತ್ತಾರೆ? ಮೂಗಿನ ವಿಷಯ ಪಕ್ಕಕ್ಕಿಡಿ. ಅವನಿಗೂ ಒಪ್ಪಿಗೆಯಾಗುವ ಮಾತಿನಿಂದ ಶುರು ಮಾಡಿ: ನಿದ್ದೆ ಇಲ್ಲ, ದಿನವೆಲ್ಲ ಇದೇ ಯೋಚನೆಯಲ್ಲಿ ಕಳೆಯುತ್ತದೆ, ಗೆಳೆಯರು ದೂರವಾದರು, ಇದಕ್ಕೆ ಸಹಾಯ ತೆಗೆದುಕೊಳ್ಳೋಣ. ‘ಮೂರು ತಿಂಗಳು ಇದನ್ನು ಮಾಡೋಣು, ಆಮ್ಯಾಲೆ ಆಪರೇಷನ್ ಬಗ್ಗೆ ಮತ್ತ ಮಾತಾಡೋಣು’ ಎಂದರೂ ತಪ್ಪಿಲ್ಲ. ಅವನಿಗೆ 20 ವರ್ಷ, ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನ ಅವನದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವನ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನೂ ಕೊಟ್ಟಿದೆ. ಊರಿಗೆ ಗೊತ್ತಾಗುತ್ತದೆ, ಕಾಲೇಜಿಗೆ ಗೊತ್ತಾಗುತ್ತದೆ ಎಂಬ ಭಯ ಅವನಿಗಿದ್ದರೆ ಇದನ್ನು ತಿಳಿಸಿ.

ಮನೆಯಲ್ಲಿ ನೀವು ಮಾಡಬೇಕಾದದ್ದು ಒಂದೇ, ಅದೇ ಕಷ್ಟದ್ದು. ಅವನು ಶಾಂತವಾಗಿದ್ದಾಗ ಕೂತು ಮೊದಲೇ ಮಾತಾಡಿಕೊಳ್ಳಿ, ಮೂಗಿನ ಪ್ರಶ್ನೆಗೆ ಇನ್ನು ಮೇಲೆ ಉತ್ತರ ಕೊಡುವುದಿಲ್ಲ ಎಂದು. ಆಮೇಲೆ ಕೇಳಿದಾಗ: ‘ನಿನಗ ಭಾಳ ತ್ರಾಸ ಆಗಾಕತ್ತೈತಿ ಅಂತ ನನಗ ಗೊತ್ತೈತಿ. ಮೂಗಿನ ಬಗ್ಗೆ ಮಾತ್ರ ನಾ ಏನೂ ಹೇಳಂಗಿಲ್ಲ, ಇಬ್ಬರೂ ಕೂಡೇ ಮಾತಾಡೀವಲ್ಲ. ಬಾ, ಚಾ ಮಾಡೇನಿ.’ ಸಿಟ್ಟು ಬೇಡ, ದೊಡ್ಡ ಉಪದೇಶವೂ ಬೇಡ. ಮೊದಲ ವಾರ ಅವನು ಇನ್ನೂ ಜಾಸ್ತಿ ಕೇಳುತ್ತಾನೆ, ರೇಗುತ್ತಾನೆ. ತಡೆದುಕೊಳ್ಳಿ. ಅವ್ವ ಅಪ್ಪ ಕೂಡ ಇದೇ ಮಾತು ಹೇಳಬೇಕು. ನೀವು ಹೇಳದೆ, ಅವ್ವ ಅಡುಗೆಮನೆಯಲ್ಲಿ ಮೆಲ್ಲಗೆ ‘ಚಂದ ಅದೀಯಪ್ಪ’ ಎಂದರೆ ಎಲ್ಲ ನೀರುಪಾಲು.

ಇದನ್ನು ಓದುವ ಬೇರೆ ಮನೆಗಳಿಗಾಗಿ ಎರಡು ಮಾತು. ತಾಲೀಮು, ಜಿಮ್‌ಗೆ ಹೋಗುವ ಕೆಲವು ಹುಡುಗರಿಗೆ ಎಷ್ಟು ಮೈಕಟ್ಟು ಬಂದರೂ ತಾನು ಸಣಕಲು ಎಂದೇ ಕಾಣುತ್ತದೆ. ಅದೂ ಬಿಡಿಡಿಯ ಒಂದು ರೂಪ, ಗಂಡುಮಕ್ಕಳಲ್ಲೇ ಜಾಸ್ತಿ. ಅವರು ಸ್ಟೆರಾಯ್ಡ್ ಇಂಜೆಕ್ಷನ್ ಕಡೆ ಹೋಗುವ ಅಪಾಯ ಇದೆ. ಹುಡುಗಿಯರು, ಈಗ ಹುಡುಗರೂ, ಬೆಳ್ಳಗಾಗಲು ಔಷಧಿ ಅಂಗಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಟ್ಯೂಬು ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ತುಂಬಿ, ಕೊನೆಗೆ ಇಲ್ಲದ ಕೊರತೆ ನಿಜವಾಗಿಯೇ ಬಂದುಬಿಡುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ ಎಂದು 2018ರಲ್ಲಿ ನಿಯಮ ಬಿಗಿಯಾಗಿದೆ. ಆದರೂ ಕೇಳಿದರೆ ಸಿಗುತ್ತದೆ. ಕೇಳುವುದನ್ನು ನಾವೇ ಬಿಡಬೇಕು.

ಕೊನೆಗೆ ಕಾಲೇಜು. ಈ ಸೆಮಿಸ್ಟರ್ ಹೋದರೆ ಹೋಗಲಿ, ಒತ್ತಾಯ ಮಾಡಬೇಡಿ. ಹಾಗೆಂದು ಓದೇ ಬಿಡಿಸಿ ಮನೆಯಲ್ಲಿ ಕೂರಿಸಬೇಡಿ, ಮನೆಯಲ್ಲಿ ಕೂತಷ್ಟೂ ಈ ಕಾಯಿಲೆ ಬಲಿಯುತ್ತದೆ. ಮನೋವೈದ್ಯರಿಂದ ಸರ್ಟಿಫಿಕೇಟ್ ಪಡೆದು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ಹಾಜರಿಯ ವಿಷಯ ಮಾತಾಡಿ. ಅದರಲ್ಲಿ ಕಾಯಿಲೆಯ ಹೆಸರು ಬರೆಯಲೇಬೇಕು ಎಂದಿಲ್ಲ, ಚಿಕಿತ್ಸೆಯಲ್ಲಿದ್ದಾನೆ ಎಂದಿದ್ದರೆ ಸಾಕು. ಬೆಳಗಾವಿಗೆ ಮತ್ತೆ ಕಳಿಸುವಾಗ ಒಬ್ಬನೇ ಇರುವ ರೂಮು ಬೇಡ, ಹಾಸ್ಟೆಲ್ ಅಥವಾ ಗೆಳೆಯರ ಜೊತೆ ಇರುವ ರೂಮು ನೋಡಿ. ಮೊದಲ ದಿನವೇ ಪೂರ್ತಿ ಕ್ಲಾಸು ಎಂದು ಹೊರೆ ಹಾಕಬೇಡಿ. ದಿನಕ್ಕೆ ಎರಡು ಪೀರಿಯಡ್, ಮಾಸ್ಕ್ ಇಲ್ಲದೆ, ಹಿಂದಿನ ಬೆಂಚಿನಲ್ಲಿ ಕೂತರೂ ಸರಿ. ಎಷ್ಟು ಮತ್ತು ಯಾವಾಗ ಏರಿಸಬೇಕು ಎಂಬುದನ್ನು ಅವನೂ ಅವನ ಸೈಕಾಲಜಿಸ್ಟರೂ ಕೂತು ಗೊತ್ತು ಮಾಡಿಕೊಳ್ಳಲಿ.